ಇದ್ದ ಹಾಗೇ ಇಟ್ಟ ಕಲ್ಲು

ಬಹಳ ಹಿಂದೆ, ಕಡಲ ಜೀವಿಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಚಿಪ್ಪಿನಕೋಟೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಅರಮನೆಗೂ ಗುಡಿಸಲಿಗೂ ಬಳಿಯುತ್ತಿದ್ದದ್ದು ಒಂದೇ ಚಿಪ್ಪಿನ ಸುಣ್ಣ. ರಾಜನ ಊಟಕ್ಕೂ ಬಡವರ ಊಟಕ್ಕೂ ಒಂದೇ ಕಡಲಿನ ಮೀನು.

ಆ ರಾಜ್ಯದಲ್ಲಿ ಅಕ್ಕು ಎಂಬ ಹೆಂಗಸೂ ಅವಳ ಮಗಳು ದುಗ್ಗಿಯೂ ಇದ್ದರು. ಕಡಲು ಇಳಿದಾಗ ಬಂಡೆಗಳ ನಡುವೆ ಹೋಗಿ, ಕಲ್ಲೆತ್ತಿ, ಏಡಿಯನ್ನೋ ಚಿಪ್ಪನ್ನೋ ಹೆಕ್ಕಿ ತರುವುದು ಅವರ ಕೆಲಸ. ಹೆಕ್ಕುವವರಿಗೆ ಅಲ್ಲೊಂದು ಕಟ್ಟಳೆ ಇತ್ತು. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಬೇಕು. ಇಟ್ಟು, "ನಿಮ್ಮ ಮನೆ ನಿಮಗಿರಲಿ, ಉಂಡದ್ದು ನಮಗೆ ನೆನಪಿರಲಿ" ಎನ್ನಬೇಕು. ಕಲ್ಲಿನಡಿ ಎಷ್ಟೋ ಪುಟ್ಟ ಜೀವಗಳ ಸಂಸಾರವಿರುತ್ತದೆ. ಸೂರು ಕಿತ್ತರೆ ಅವು ಬಿಸಿಲಿಗೆ ಸತ್ತೇ ಹೋಗುತ್ತವೆ. ದುಗ್ಗಿ ಮನೆಗೆ ಬಂದರೆ ಸಾಕು, ಅಕ್ಕು "ಹಸಿವಾಯ್ತಾ?" ಎನ್ನುವ ಮೊದಲೇ "ಕಲ್ಲು ಇದ್ದ ಹಾಗೇ ಇಟ್ಟು ಬಂದ್ಯಾ?" ಎಂದು ಕೇಳುವಳು. ಕೇಳಿ ಕೇಳಿ ದುಗ್ಗಿಗೆ ಸಾಕಾಗಿ ಹೋಗಿತ್ತು.

ಹೀಗಿರಲು ಶುಷ್ಕಾಂಗನೆಂಬ ಮಾಂತ್ರಿಕ ಬಂದ. ಹೆಸರಿಗೆ ತಕ್ಕ ಆಸಾಮಿ, ನಕ್ಕರೂ ತರಗೆಲೆ ತುಳಿದ ಸದ್ದು. ಕಡಲ ತಳದ ಯಾವುದೋ ಕಲ್ಲಿನಡಿ ಏಳು ಬಣ್ಣದ ಮುತ್ತಿದೆ ಎಂಬ ಹುಚ್ಚು ಅವನ ತಲೆಗೆ ಹತ್ತಿತ್ತು. ಅವನು ತನ್ನ ಶಂಖವನ್ನು ಎತ್ತಿ ಹಿಡಿದು ಮಂತ್ರ ಹೇಳಿದ. ಕಡಲೆಲ್ಲ ಶಂಖದೊಳಗೆ ಸೇರಿತು. ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಮಾತ್ರ ಉಪ್ಪುನೀರು ಉಳಿಯಿತು. ಅವನು ತಳದ ಕಲ್ಲುಗಳನ್ನೆಲ್ಲ ಮಗುಚಿ ಹಾಕಿದ. ಒಂದನ್ನಾದರೂ ಇದ್ದ ಹಾಗೆ ಇಟ್ಟನೇ? ಇಡಲಿಲ್ಲ. ಮುತ್ತೂ ಸಿಗಲಿಲ್ಲ.

ರಾಜನ ಸೈನಿಕರು ಹೋದರು, ಹೋದ ದಾರಿಯಲ್ಲೇ ಓಡಿ ಬಂದರು. "ನಾನೇ ಹೋಗಿ ಕೇಳ್ತೇನೆ" ಎಂದು ಅಕ್ಕು ಹೋದಳು, ಬರಲಿಲ್ಲ. ಮಾಂತ್ರಿಕ ಅವಳನ್ನು ಕಲ್ಲು ಮಾಡಿದ ಎಂಬ ಸುದ್ದಿ ಬಂತು.

ದುಗ್ಗಿ ಅತ್ತಳು. ಅತ್ತು ಮುಗಿಸಿ ಕಣ್ಣೊರೆಸಿಕೊಂಡಳು. ಗಂಜಿ ಕುಡಿಯುವ ಕರಟ, ಒಂದು ತಂಬಿಗೆ ಕುಡಿಯುವ ನೀರು, ಹೊದೆಯುವ ಬಟ್ಟೆ ಇಷ್ಟನ್ನು ಹಿಡಿದು ಒಣಗಿದ ಕಡಲಿಗೆ ಇಳಿದಳು.

ಮೊದಲು ಎದುರಾದದ್ದು ಆನೆಯಷ್ಟು ದೊಡ್ಡ ಏಡಿ. ಮಾಂತ್ರಿಕ ಅದನ್ನು ಕಾವಲಿಗೆ ನಿಲ್ಲಿಸಿದ್ದ. "ಮುಂದೆ ಬಂದರೆ ಕತ್ತರಿಸ್ತೇನೆ!" ಎಂದು ಇಕ್ಕಳದಂಥ ಕೊಂಬು ಎತ್ತಿತು.

ಅದರ ಹಿಂಭಾಗ ಬರಿಮೈಯಾಗಿ ನಡುಗುತ್ತಿದ್ದುದು ದುಗ್ಗಿಗೆ ಕಂಡಿತು. ಬೇರೆಯವರು ಬಿಟ್ಟ ಶಂಖದಲ್ಲಿ ಬಾಳುವ ಸನ್ಯಾಸಿ ಏಡಿ ಅದು. "ನಿನಗೆ ಮನೆ ಇಲ್ಲ, ಅದಕ್ಕೇ ಈ ಸಿಟ್ಟು. ತಗೋ" ಎಂದು ಕರಟವನ್ನು ಕೊಟ್ಟಳು. ಏಡಿ ಅದರೊಳಗೆ ಕಾಲಿಟ್ಟದ್ದೇ ಮಾಯೆ ಇಳಿದು ಬೊಗಸೆಯಷ್ಟಾಯಿತು. "ನಿನ್ನ ಉಪಕಾರ ಮರೆಯೋದಿಲ್ಲ ಅಕ್ಕಾ" ಎಂದು ದಾರಿ ಬಿಟ್ಟಿತು.

ಎರಡನೆಯದಾಗಿ, ಬಂಡೆಯ ಬಣ್ಣವೇ ಆಗಿ ಅಡಗಿದ್ದ ಅಷ್ಟಪದಿ ಎಂಟು ತೋಳುಗಳಿಂದ ಅವಳನ್ನು ಸುತ್ತಿತು. "ಮೈ ಒಣಗ್ತಾ ಇದೆ. ತಂಬಿಗೆ ನೀರು ಸುರಿ, ಇಲ್ಲವಾದರೆ ಬಿಡೋದಿಲ್ಲ!"

"ಇದು ಸಿಹಿನೀರು ಮಾರಾಯ್ತಿ, ಸುರಿದರೆ ನೀನು ಸಾಯ್ತೀ" ಎಂದಳು ದುಗ್ಗಿ. "ಒಂದು ಗಳಿಗೆ ಬಿಡು, ಓಡಿಹೋಗೋದಿಲ್ಲ." ಅಷ್ಟಪದಿಗೆ ಏನನ್ನಿಸಿತೋ, ಬಿಟ್ಟಿತು. ದುಗ್ಗಿ ಗುಂಡಿಯ ಉಪ್ಪುನೀರಿನಲ್ಲಿ ಹೊದಿಕೆ ಅದ್ದಿ ತಂದು ಅದಕ್ಕೆ ಹೊದಿಸಿದಳು. ಅಷ್ಟಪದಿ ಸಂತೋಷದಿಂದ ಕೆಂಪಾಯಿತು, ಹಳದಿಯಾಯಿತು, ಆಮೇಲೆ ದಾರಿ ಬಿಟ್ಟಿತು.

ಮೂರನೆಯ ಪರೀಕ್ಷೆ ಮಾಂತ್ರಿಕನದ್ದೇ. ಅವನು ಕಲ್ಲುಗಳ ಬಯಲಿನ ನಡುವೆ ಶಂಖ ಹಿಡಿದು ಕುಳಿತಿದ್ದ.

"ನನ್ನ ಅಮ್ಮನನ್ನು ಕೊಡು."

"ಈ ಕಲ್ಲುಗಳಲ್ಲಿ ಒಂದು ನಿನ್ನ ಅಮ್ಮ. ಒಂದೇ ಒಂದನ್ನು ಮುಟ್ಟು. ಸರಿಯಾದರೆ ಕರಕೊಂಡು ಹೋಗು. ತಪ್ಪಿದರೆ ನೀನೂ ಕಲ್ಲು."

ದುಗ್ಗಿ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಳು. ಎಲ್ಲ ಕಲ್ಲುಗಳೂ ಮಗುಚಿ ಬೆನ್ನಡಿಯಾಗಿ ಬಿದ್ದಿದ್ದವು. ಯಾವುದು ಅಮ್ಮ? ನೋಡುತ್ತ ನೋಡುತ್ತ ಒಂದು ಕಲ್ಲಿನ ಹತ್ತಿರ ಬಂದಳು. ಅದಕ್ಕೆ ಅಂಟಿಕೊಂಡು ಉಗುರಿನಷ್ಟೇ ಇದ್ದ ನಕ್ಷತ್ರಮೀನೊಂದು ಬಿಸಿಲಿಗೆ ಸುರುಟಿಕೊಳ್ಳುತ್ತಿತ್ತು.

"ಅಯ್ಯೋ ಪಾಪ!" ಎಂದವಳೇ ಎಲ್ಲ ಮರೆತು ಆ ಕಲ್ಲನ್ನು ಮಗುಚಿ, ಇದ್ದ ಹಾಗೇ ಇಟ್ಟುಬಿಟ್ಟಳು. ಹುಟ್ಟಿನಿಂದ ಬಂದ ರೂಢಿ, ಕೈ ತಡೆಯಲಿಲ್ಲ.

"ಮುಟ್ಟಿದೆ! ಅದು ನಿನ್ನ ಅಮ್ಮ ಅಲ್ಲ!" ಎಂದು ಮಾಂತ್ರಿಕ ಕುಣಿದ. ದುಗ್ಗಿಯ ಪಾದಗಳು ಕಲ್ಲಾದವು. ಮೊಣಕಾಲು ಕಲ್ಲಾಯಿತು. ಅಮ್ಮನನ್ನು ಇನ್ನು ಕಾಣುವುದಿಲ್ಲವಲ್ಲ ಎಂದು ಅವಳಿಗೆ ದುಃಖ ಒತ್ತರಿಸಿ ಬಂತು. ಆದರೂ ಕಲ್ಲು ಇಟ್ಟ ಮೇಲೆ ಹೇಳಬೇಕಾದ ಮಾತು ಬಾಕಿಯಿತ್ತು. ಅಳುತ್ತಲೇ ಹೇಳಿದಳು: "ನಿಮ್ಮ ಮನೆ ನಿಮಗಿರಲಿ, ಉಂಡದ್ದು ನಮಗೆ ನೆನಪಿರಲಿ."

ಮಾಂತ್ರಿಕನ ನಗು ಅಲ್ಲೇ ನಿಂತಿತು. ಮಗುಚಿದ ಕಲ್ಲುಗಳ ಮೇಲೆ ಕಟ್ಟಿದ ಮಾಯೆ ಅವನದ್ದು. ಒಂದೇ ಒಂದನ್ನು ಯಾರಾದರೂ ಇದ್ದ ಹಾಗೆ ಇಟ್ಟು ಉಪಕಾರ ನೆನೆದರೆ ಅದು ನಿಲ್ಲುವಂತಿರಲಿಲ್ಲ. ಶಂಖ ಒಡೆಯಿತು, ಕಡಲು ಮೆಲ್ಲಮೆಲ್ಲನೆ ಹೊರಗೆ ಬರತೊಡಗಿತು. ಬಯಲಿನ ಕಲ್ಲುಗಳೆಲ್ಲ ತಾವಾಗಿ ಹೊರಳಿ ಸರಿಯಾದವು. ದುಗ್ಗಿಯ ಕಾಲು ಮತ್ತೆ ಕಾಲಾಯಿತು. ಹೊರಳಿದ ಕಲ್ಲುಗಳಲ್ಲಿ ಒಂದು ಎದ್ದು ನಿಂತು ಸೆರಗು ಕೊಡವಿತು.

ಅಕ್ಕು ಮಗಳ ಮುಖ ನೋಡಿದಳು. "ಕಲ್ಲು ಇದ್ದ ಹಾಗೇ ಇಟ್ಯಾ?"

"ಇಟ್ಟೆ ಅಮ್ಮಾ" ಎಂದು ದುಗ್ಗಿ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಆ ಪ್ರಶ್ನೆ ಅಷ್ಟು ಹಿತವಾಗಿ ಅವಳಿಗೆ ಎಂದೂ ಕೇಳಿಸಿರಲಿಲ್ಲ.

ನೀರು ಏರುತ್ತಿದ್ದಂತೆ ಕಡಲಾಮೆಯೊಂದು ತಾಯಿಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ದಡಕ್ಕೆ ತಂದಿತು. ರಾಜನೇ ನೀರಿಗಿಳಿದು ಅವರಿಗೆ ಕೈಮುಗಿದ. ಚಿಪ್ಪಿನಕೋಟೆಯಲ್ಲಿ ಮನೆಮನೆಯಲ್ಲೂ ಒಲೆ ಹೊತ್ತಿತು, ಎಲ್ಲರೂ ಉಂಡು ಸುಖವಾಗಿದ್ದರು. ಶುಷ್ಕಾಂಗ ಮಾತ್ರ ಒಂದು ಪುಟ್ಟ ಕಡಲಹುಳುವಾಗಿ ಯಾವುದೋ ಕಲ್ಲಿನಡಿ ಸೇರಿಕೊಂಡ. ಹೆಕ್ಕುವವರು ಆ ಕಲ್ಲನ್ನು ಎತ್ತಿದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತದೆ. ಅವರು ಅದನ್ನು ಇದ್ದ ಹಾಗೇ ಇಟ್ಟು ಹೋಗುತ್ತಾರೆ. ಆಗ ಅವನೂ ಅವರಿಗೆ ಕೈಮುಗಿಯುತ್ತಾನಂತೆ.