ಬಾಳೆನಾರಿನ ಗೂಡು

"ಅಲ್ಲಾಡಬೇಡಿ... ಸುತ್ತಿಗೆ ಕೆಳಗಿಳಿಸಿ. ನಿಧಾನವಾಗಿ."

ಬೆನ್ನ ಹಿಂದಿನಿಂದ ಬಂದ ಹೆಣ್ಣುದನಿಗೆ ಶಿವಾರಪಟ್ಟಣದ ಶಿಲ್ಪಿ ಕಾಂತರಾಜ್ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದ. ಅವನ ಕಿವಿಯಿಂದ ಗೇಣು ದೂರದಲ್ಲಿ, ಅರ್ಧ ಕೆತ್ತಿದ ಗರುಡನ ರೆಕ್ಕೆಯ ಸಂದಿಯಲ್ಲಿ, ಅಂಗೈಯಗಲದ ಬೂದುಬಣ್ಣದ ಗೂಡೊಂದು ನೇತಾಡುತ್ತಿತ್ತು. ಅದರ ಮೇಲಿದ್ದ ಹದಿನೈದಿಪ್ಪತ್ತು ಕಣಜಗಳು ರೆಕ್ಕೆ ಎತ್ತಿ ಅವನ ಕಡೆಗೇ ತಿರುಗಿ ಕುಳಿತಿದ್ದವು.

"ನಾನು ಫೋನ್ ಮಾಡಿದ್ದು ಅಡುಗೆಮನೆ ಕಿಟಕಿಯಲ್ಲಿರೋ ಗೂಡಿಗೆ..." ಎಂದು ಅವನು ತುಟಿಯಲ್ಲೇ ಗೊಣಗಿದ.

"ಅದನ್ನ ಆಮೇಲೆ ನೋಡೋಣ. ಮೊದ್ಲು ಹಿಂದಕ್ಕೆ ಬನ್ನಿ. ಒಂದೊಂದೇ ಹೆಜ್ಜೆ. ಕೈ ಬೀಸ್ಬೇಡಿ, ಬೀಸಿದ್ರೆ ಎಲ್ಲಾ ಒಟ್ಟಿಗೆ ಏಳ್ತವೆ."

ಒಂದು ಹೆಜ್ಜೆ... ಎರಡು... ಮೂರು... ನಾಲ್ಕನೆಯ ಹೆಜ್ಜೆಗೆ ಅವನ ಬೆನ್ನು ಅವಳ ಭುಜಕ್ಕೆ ತಗುಲಿತು. ತಿರುಗಿದ. ಮುಖದ ತುಂಬ ಕಲ್ಲಿನ ಧೂಳು, ಆ ಧೂಳಿನ ನಡುವೆ ಗಾಬರಿಯಿಂದ ಅರಳಿದ ಎರಡು ಕಣ್ಣು.

ವಾಣಿಶ್ರೀಗೆ ನಗು ಬಂತು. ನಗಲಿಲ್ಲ. ಆದರೂ ಆ ಕಣ್ಣುಗಳನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು.

"ನೀವೇ ಬರ್ತೀರಾ ಅಂದ್ಕೊಂಡಿರ್ಲಿಲ್ಲ," ಎಂದ ಅವನು.

"ಎಲ್ಲರೂ ಹಾಗೇ ಅಂತಾರೆ," ಎಂದಳು ಅವಳು.

ಅದು ನಿಜವೇ ಆಗಿತ್ತು. ವಾಣಿಶ್ರೀ ಬಿ.ಎಸ್ಸಿ ಮುಗಿಸಿ, ಮನೆಗಳಿಗೆ ಔಷಧಿ ಹೊಡೆಯುವ ಒಂದು ಕಂಪನಿಯಲ್ಲಿ ಎರಡು ವರ್ಷ ದುಡಿದು, ಈಗ ಮಾಲೂರಿನಲ್ಲಿ ತನ್ನದೇ ಕೆಲಸ ಹಿಡಿದಿದ್ದಳು. ಸ್ಕೂಟಿಯ ಹಿಂದೆ ಮಡಚುವ ಏಣಿ, ಬಿಳಿಯ ದಪ್ಪ ಉಡುಪು, ಜಾಲರಿಯ ಟೋಪಿ. ಟೇಕಲ್ಲಿನಿಂದ ಶಿವಾರಪಟ್ಟಣದವರೆಗೆ ಯಾರ ಮನೆಯ ಸಜ್ಜೆಯಡಿ ಕಣಜ ಗೂಡು ಕಟ್ಟಿದರೂ ಅವಳಿಗೇ ಫೋನು. ಕೆಲಸಕ್ಕೆ ಕರೆಯುವವರು ತುಂಬ ಜನ. ಸೊಸೆಯಾಗಿ ಕರೆಯುವವರು ಯಾರೂ ಇರಲಿಲ್ಲ. ಹೋದ ವರ್ಷ ಹೆಣ್ಣು ನೋಡಲು ಬಂದಿದ್ದವರು ಉಪ್ಪಿಟ್ಟು ತಿನ್ನುತ್ತಾ, "ಹುಳ ಹಿಡಿಯೋ ಹುಡುಗೀನಾ?" ಎಂದು ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದರು. ಆ ನಗು ಇನ್ನೂ ಅವಳ ಕಿವಿಯಲ್ಲಿತ್ತು.

"ಗೂಡು ತೆಗೆಯೋದು ಸಂಜೆ ಮಬ್ಬಿಗೆ. ಹೊರಗೆ ಹೋದ ಹುಳಗಳೆಲ್ಲ ಅಷ್ಟೊತ್ತಿಗೆ ಮನೆಗೆ ಬಂದಿರ್ತವೆ," ಎಂದಳು ವಾಣಿಶ್ರೀ.

ಕಾಂತರಾಜನ ಅಜ್ಜಿ ಭಾರತಮ್ಮ ಅವಳನ್ನು ಅಷ್ಟರವರೆಗೆ ಹೋಗಲು ಬಿಡಲಿಲ್ಲ. ಅಪ್ಪ ಅಮ್ಮ ಇಲ್ಲದ ಮೊಮ್ಮಗನನ್ನು ಸಾಕಿ ಬೆಳೆಸಿದ ಮುದುಕಿ. ತವರು ಮುಳಬಾಗಿಲಿನಾಚೆ, ಆಂಧ್ರದ ಗಡಿಯಲ್ಲಿ. ಕಣಜವನ್ನು 'ಕಂದಿರೀಗ' ಎನ್ನುವುದನ್ನೂ, ಹುಡುಗಿಯರನ್ನು 'ಅಮ್ಮಾಯಿ' ಎಂದು ಕರೆಯುವುದನ್ನೂ ಅಲ್ಲಿಂದಲೇ ತಂದಿದ್ದರು. ಹಜಾರದಲ್ಲಿ ಕನಕಾಂಬರ ಕಟ್ಟುತ್ತಾ ಅವಳ ಊರು, ಕೇರಿ, ವಯಸ್ಸು ಎಲ್ಲವನ್ನೂ ಕೇಳಿ ತಿಳಿದುಕೊಂಡರು.

"ಇಪ್ಪತ್ತೇಳಾ? ನಮ್ಮೋನಿಗೆ ಮೂವತ್ತು," ಎಂದು ತಮಗೆ ತಾವೇ ಹೇಳಿಕೊಂಡು ಹೂವಿಗೊಂದು ಗಂಟು ಹಾಕಿದರು.

ಮಬ್ಬಾದ ಮೇಲೆ ವಾಣಿಶ್ರೀ ಎರಡೂ ಗೂಡುಗಳನ್ನು ಚೀಲಕ್ಕಿಳಿಸಿದಳು. ಆಮೇಲೆ ಎಂದಿನಂತೆ ಮನೆಯ ಸುತ್ತ ಒಂದು ಸುತ್ತು ಹಾಕುತ್ತಾ ಹೇಳತೊಡಗಿದಳು.

"ಸೀಮೆಎಣ್ಣೆ ಸುರಿದು ಬೆಂಕಿ ಇಡೋ ಕೆಲಸ ಮಾತ್ರ ಮಾಡ್ಬೇಡಿ. ಹಂಚಿನ ಕೆಳಗಿನ ಸಂದಿ, ಈ ಪೈಪ್ ಹೋಗಿರೋ ತೂತು ಎಲ್ಲಾ ಸಿಮೆಂಟ್ ಹಾಕಿ ಮುಚ್ಚಿ. ಗವಾಕ್ಷಿಗೆ ಸಣ್ಣ ಜಾಲರಿ ಹೊಡೆಸಿ. ಮಾವಿನ ಸಿಪ್ಪೆ, ಬೆಲ್ಲದ ಡಬ್ಬ ತೆರೆದಿಡಬೇಡಿ. ಯುಗಾದಿ ಕಳೆದ ಮೇಲೆ ವಾರಕ್ಕೊಂದ್ಸಲ ಸಜ್ಜೆ ಕೆಳಗೆ ಕಣ್ಣಾಡಿಸಿ. ಗೂಡು ರೂಪಾಯಿ ಕಾಸಿನಷ್ಟಿದ್ರೆ ಅಲ್ಲಿ ರಾಣಿ ಒಬ್ಬಳೇ ಇರ್ತಾಳೆ. ಅವಳು ಹೊರಗೆ ಹೋದಾಗ ಉದ್ದ ಕೋಲಿಂದ ತಳ್ಳಿದ್ರೆ ಮುಗೀತು."

"ಆ ಹುಣಸೆ ಮರದಲ್ಲೂ ಒಂದಿದೆ," ಎಂದ ಕಾಂತರಾಜ್.

"ಅದು ದೂರ ಇದೆ, ಇರ್ಲಿ ಬಿಡಿ. ನಿಮ್ಮ ಅವರೆ ಗಿಡದ ಹುಳ ತಿನ್ನೋದು ಅವೇ."

ಬೇರೆಯವರು ಇಂಥ ಮಾತಿಗೆ ತಲೆಯಾಡಿಸಿ ಮರೆಯುತ್ತಿದ್ದರು. ಇವನು ಅವಳು ತೋರಿಸಿದ ಪ್ರತಿ ಸಂದಿಗೂ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹಿಂದೆಯೇ ಬರುತ್ತಿದ್ದ.

*ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವರು ಯಾರಿದ್ದಾರೆ?* ಸ್ಕೂಟಿ ಓಡಿಸುತ್ತಾ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು.

ಇಪ್ಪತ್ತು ದಿನ ಕಳೆದ ಮೇಲೆ ಮತ್ತೆ ಫೋನು. ಪಂಪಿನ ಮನೆಯಲ್ಲಿ ಪುಟ್ಟ ಗೂಡು. ಅವನೇ ಕೋಲಿನಿಂದ ತಳ್ಳಬಹುದಾಗಿತ್ತು. ಅವನೂ ಆ ಮಾತು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಅಂದು ಕಾಂತರಾಜ್ ಅವಳ ಕೈಗೆ ಸಣ್ಣ ಸುತ್ತಿಗೆ ಕೊಟ್ಟು, ಇನ್ನೂ ಉಳಿ ಮುಟ್ಟದ ಒಂದು ಕಲ್ಲನ್ನು ತೋರಿಸಿದ. "ತಟ್ಟಿ ನೋಡಿ. ಗಂಟೆ ತರ ನಾದ ಬಂದ್ರೆ ಒಳಗೆ ಬಿರುಕಿಲ್ಲ ಅಂತ."

ಅವಳು ತಟ್ಟಿದಳು. ಕಲ್ಲು ಇಂಪಾಗಿ ಮಿಡಿಯಿತು. ಅವಳು ಮಗುವಿನ ಹಾಗೆ ನಕ್ಕಳು. ಅವನು ಕಲ್ಲನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

ಮೂರನೆಯ ಸಲ ಫೋನು ಬಂದಿದ್ದು ಭಾರತಮ್ಮನಿಂದ. "ಅಮ್ಮಾಯಿ, ಹಜಾರದ ಸೂರಿನಲ್ಲೇ ದೊಡ್ಡ ಕಂದಿರೀಗ ಗೂಡು. ಬೇಗ ಬಾ ತಾಯಿ."

ವಾಣಿಶ್ರೀ ಬಿಳಿ ಉಡುಪಿನೊಳಗೆ ಯಾರಿಗೂ ಕಾಣದಿದ್ದರೂ ಹೊಸ ಚೂಡಿದಾರ್ ಹಾಕಿಕೊಂಡು ಹೋದಳು.

ಏಣಿ ಹತ್ತಿ ನೋಡಿದರೆ ಗೂಡಿನಲ್ಲಿ ಒಂದು ಹುಳವೂ ಇಲ್ಲ. ಕಣಜ ತನ್ನ ಗೂಡನ್ನು ಸಣ್ಣ ತೊಟ್ಟಿನಿಂದ ಅಂಟಿಸುತ್ತದೆ. ಇಲ್ಲಿ ತೊಟ್ಟೇ ಇರಲಿಲ್ಲ. ಒಣಗಿ ಪುಡಿಯಾಗುತ್ತಿದ್ದ ಹಳೆಯ ಗೂಡನ್ನು ಯಾರೋ ಬಾಳೆನಾರಿನಿಂದ ಮೊಳೆಗೆ ಬಿಗಿದಿದ್ದರು.

ಅವಳ ಮುಖಕ್ಕೆ ರಕ್ತ ನುಗ್ಗಿತು. ಗೂಡನ್ನು ಕಿತ್ತುಕೊಂಡು ಇಳಿದು ಬಂದಳು.

"ಯಾರು ಕಟ್ಟಿದ್ದು ಇದನ್ನ?"

ಕಾಂತರಾಜ್ ಗೂಡನ್ನು ನೋಡಿದ. ನಾರಿನ ಗಂಟನ್ನು ನೋಡಿದ. ಒಮ್ಮೆ ಮನೆಯ ಒಳಗೆ ಕಣ್ಣು ಹಾಯಿಸಿ ತಲೆ ತಗ್ಗಿಸಿದ.

"ತಪ್ಪಾಯ್ತು," ಎಂದ.

"ತಮಾಷೆ ಅಲ್ವಾ ನಿಮಗೆ? ಹುಳ ಹಿಡಿಯೋಳು, ಕರೆದ್ರೆ ಓಡಿ ಬರ್ತಾಳೆ, ಏಣಿ ಹತ್ತಿಸಿ ನೋಡೋಣ ಅಂತ... ನೀವೂ ನನ್ನ ನೋಡಿ ನಕ್ಕೋರ ತರಾನೇ."

"ವಾಣಿ ಅವರೇ, ಹಾಗಲ್ಲ..."

"ಮತ್ತೆ ಹೇಗೆ? ಹೇಳಿ."

ಅವನು ಬಗ್ಗಿ ನೆಲಕ್ಕೆ ಉದುರಿದ ಗೂಡಿನ ಪುಡಿ ಆಯತೊಡಗಿದ. ಅವಳು ಏಣಿ ಮಡಚಿ ಹೊರಟೇಬಿಟ್ಟಳು. ಹೆಲ್ಮೆಟ್ಟಿನೊಳಗೆ ಕಣ್ಣೀರು ಒರೆಸಿಕೊಳ್ಳುವುದು ಎಷ್ಟು ಕಷ್ಟ ಎಂದು ಅವಳಿಗೆ ಅಂದೇ ಗೊತ್ತಾಗಿದ್ದು.

ಹನ್ನೊಂದು ದಿನ... ಅವನು ಎರಡು ಸಲ ಫೋನ್ ಮಾಡಿದ. ಅವಳು ತೆಗೆಯಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಮತ್ತೆ ಫೋನು ಬಡಿದು ನಿಂತಿತು. ಅದರ ಹಿಂದೆಯೇ ಮೆಸೇಜು. *ಅಜ್ಜಿಗೆ ಕಣಜ ಕಚ್ಚಿದೆ. ದಯವಿಟ್ಟು ಫೋನ್ ತೆಗೀರಿ.*

ಅವಳು ತಕ್ಷಣ ಅವನಿಗೆ ಫೋನ್ ಹಚ್ಚಿದಳು.

"ಎಷ್ಟು ಕಡೆ ಕಚ್ಚಿದೆ?"

"ಕೈ, ಕತ್ತು, ತುಟಿ... ಏಳೆಂಟು ಕಡೆ. ದನದ ಕೊಟ್ಟಿಗೆಯಲ್ಲಿ ಗೂಡಿತ್ತು. ಹೊಗೆ ಹಾಕೋಕೆ ಹೋಗಿದ್ದಾರೆ."

"ಉಸಿರಾಟ ಹೇಗಿದೆ?"

"ಎಳೀತಿದ್ದಾರೆ. ಮುಖ ಎಲ್ಲಾ ಊದ್ತಾ ಇದೆ. ಸುಣ್ಣ ಹಚ್ಲಾ?"

"ಏನೂ ಹಚ್ತಾ ಕೂರ್ಬೇಡಿ. ಉಸಿರು ಎಳೀತಿದ್ರೆ ಒಂದು ನಿಮಿಷಾನೂ ತಡ ಮಾಡಬಾರ್ದು. ಈಗಲೇ ಕಾರಲ್ಲಿ ಒರಗಿಸಿ ಕೂರಿಸ್ಕೊಂಡು ಮಾಲೂರು ಆಸ್ಪತ್ರೆಗೆ ಬನ್ನಿ. ನಾನು ಹೋಗಿ ಡಾಕ್ಟರಿಗೆ ಹೇಳಿ ಬಾಗಿಲಲ್ಲೇ ನಿಂತಿರ್ತೀನಿ. ಕಾಂತರಾಜ್... ಹೆದರ್ಬೇಡಿ. ನಾನಿದೀನಿ."

ಕಾರು ಬಂದಾಗ ಅವಳು ಗಾಲಿ ಮಂಚ ಹಿಡಿದು ನಿಂತಿದ್ದಳು. ಡಾಕ್ಟರು ಇಂಜೆಕ್ಷನ್ ಸಿದ್ಧವಾಗಿಟ್ಟುಕೊಂಡಿದ್ದರು. ಅರ್ಧ ಗಂಟೆಯಲ್ಲಿ ಭಾರತಮ್ಮನ ಉಸಿರು ಸರಾಗವಾಯಿತು.

"ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ. ಮನೆಮದ್ದು ಅಂತ ಕೂತಿದ್ರೆ ಕಷ್ಟ ಆಗ್ತಿತ್ತು," ಎಂದರು ಡಾಕ್ಟರು.

ಸಂಜೆಯ ಹೊತ್ತಿಗೆ ಭಾರತಮ್ಮ ಕಣ್ಣು ಬಿಟ್ಟರು. ಊದಿದ ತುಟಿಯಲ್ಲೇ ಮೊದಲ ಮಾತು ಹೇಳಿದರು.

"ಅಮ್ಮಾಯಿ... ಅವತ್ತು ಆ ಗೂಡು ಕಟ್ಟಿದ್ದು ನಾನೇ ಕಣೇ."

ವಾಣಿಶ್ರೀ ಬೆರಗಾಗಿ ನೋಡಿದಳು.

"ಇವನು ಕಲ್ಲಿನ ಜೊತೆ ಇದ್ದೂ ಇದ್ದೂ ಬಾಯೇ ಬಿಡಲ್ಲ. ನೀನು ಬಂದು ಹೋದ ಮೇಲೆ ಮಾತ್ರ ಎರಡು ದಿನ ಹಾಡು ಗುನುಗ್ತಾನೆ. ನಿನ್ನನ್ನ ಬರಿಸೋಕೆ ಬೇರೆ ದಾರಿ ತೋಚ್ಲಿಲ್ಲ. ಹಿತ್ತಲಲ್ಲಿ ಹಳೇ ಗೂಡು ಬಿದ್ದಿತ್ತು, ಹೂ ಕಟ್ಟೋ ನಾರಿತ್ತು..."

"ಅಷ್ಟು ಎತ್ತರ ಹೇಗೆ ಹತ್ತಿದ್ರಿ ಅಜ್ಜಿ?"

"ಮಂಚದ ಮೇಲೆ ಸ್ಟೂಲ್ ಹಾಕ್ಕೊಂಡೆ."

ವಾಣಿಶ್ರೀಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಈ ಸಲ ನಿಜವಾದ್ದೇ ಗೂಡು ಬಂತು. ಕರೆದ್ರೆ ನೀನು ನಂಬಲ್ಲ ಅಂತ ನಾನೇ ಹೋದೆ," ಎಂದರು ಮುದುಕಿ, ತಪ್ಪು ಮಾಡಿದ ಹುಡುಗಿಯ ಹಾಗೆ.

ಆಸ್ಪತ್ರೆಯ ಜಗಲಿಯಲ್ಲಿ ಕಾಂತರಾಜ್ ಎರಡು ಲೋಟ ಟೀ ಹಿಡಿದು ನಿಂತಿದ್ದ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ವಾಣಿಶ್ರೀ ಅವನ ಎದುರು ಬಂದು ನಿಂತಳು.

"ನಾರು ನೋಡಿದ ತಕ್ಷಣ ನಿಮಗೆ ಗೊತ್ತಾಗಿತ್ತು, ಅಲ್ವಾ?"

"ಹೂಂ."

"ಮತ್ಯಾಕೆ ಹೇಳ್ಲಿಲ್ಲ? ನಾನು ಅಷ್ಟೆಲ್ಲಾ ಬೈದೆನಲ್ಲ."

"ಅಜ್ಜಿ ಮೇಲೆ ತಪ್ಪು ಹೇಗೆ ಹೊರಿಸ್ಲಿ? ಅವರು ಬಯಸಿದ್ದನ್ನೇ ನಾನೂ ಬಯಸಿದ್ದೆ. ಅವರಿಗೆ ಸ್ಟೂಲ್ ಹತ್ತೋ ಧೈರ್ಯ ಇತ್ತು. ನನಗೆ ಬಾಯಿ ಬಿಡೋ ಧೈರ್ಯಾನೂ ಇರ್ಲಿಲ್ಲ."

ವಾಣಿಶ್ರೀ ಒಂದು ಹೆಜ್ಜೆ ಹತ್ತಿರ ಬಂದಳು. *ಇದನ್ನು ಕೇಳಲು ತಾನೇ ಹನ್ನೊಂದು ದಿನ ಒದ್ದಾಡಿದ್ದು...* ಆದರೂ ಹೇಳಬೇಕಾದ ಮಾತೊಂದು ಉಳಿದಿತ್ತು.

"ನಾನು ಈ ಕೆಲಸ ಬಿಡಲ್ಲ. ಮದುವೆ ಆದ್ಮೇಲೂ."

"ನನಗೆ ಯಾರಾದ್ರೂ ಉಳಿ ಬಿಡು ಅಂದ್ರೆ ನಾನು ಬಿಡ್ತೀನಾ?" ಎಂದ ಅವನು. ಆಮೇಲೆ ಥಟ್ಟನೆ ತಲೆ ಎತ್ತಿದ. "ಈಗ ಏನಂದ್ರಿ? ಮದುವೆ ಅಂದ್ರಾ?"

ಅವಳು ಅವನ ಕೈಯಿಂದ ಒಂದು ಲೋಟ ತೆಗೆದುಕೊಂಡು ಟೀ ಕುಡಿಯತೊಡಗಿದಳು. ಆರಿ ತಣ್ಣಗಾಗಿದ್ದ ಆ ಟೀ ಅವಳಿಗೆ ಬಹಳ ರುಚಿಯಾಗಿತ್ತು.

ಮರುದಿನ ಸಂಜೆ ಅವಳು ಶಿವಾರಪಟ್ಟಣಕ್ಕೆ ಹೋಗಿ ಕೊಟ್ಟಿಗೆಯ ಗೂಡನ್ನು ಇಳಿಸಿ ಬಂದಳು. ಅದಾದ ಎರಡನೆಯ ಭಾನುವಾರ ಭಾರತಮ್ಮ ರೇಷ್ಮೆ ಸೀರೆ ಉಟ್ಟು, ಮೊಮ್ಮಗನನ್ನು ಕರೆದುಕೊಂಡು ಮಾಲೂರಿನ ಅವಳ ಮನೆಗೆ ಬಂದರು. ವಾಣಿಶ್ರೀಯ ಅಪ್ಪ ಅಶ್ವತ್ಥಪ್ಪ ಹಿಂದಿನ ಸಲದ ಅವಮಾನವನ್ನು ಮರೆತಿರಲಿಲ್ಲ.

"ನಮ್ಮ ಹುಡುಗಿ ಕೆಲಸ ಏನು ಅಂತ ಗೊತ್ತಲ್ಲ?" ಎಂದು ಖಾರವಾಗಿಯೇ ಕೇಳಿದರು.

"ಗೊತ್ತಿಲ್ದೆ ಏನು? ನನ್ನ ಪ್ರಾಣ ಉಳಿಸಿದ್ದು ಆ ಕೆಲಸಾನೇ," ಎಂದರು ಭಾರತಮ್ಮ. "ಹೆಣ್ಣು ನೋಡೋಕೆ ಬಂದಿಲ್ಲ ನಾವು. ನೋಡಿ ಆಗಿದೆ. ಕೇಳೋಕೆ ಬಂದಿದ್ದೀವಿ."

ಅಶ್ವತ್ಥಪ್ಪನವರು ಮಗಳ ಕಡೆ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ನೇರವಾಗಿ ಅಪ್ಪನನ್ನೇ ನೋಡಿ ನಕ್ಕಳು. ಅವರು ಕಣ್ಣೊರೆಸಿಕೊಂಡು, ಸಕ್ಕರೆ ತರಲು ತಾವೇ ಅಡುಗೆಮನೆಗೆ ಎದ್ದು ಹೋದರು.

ಹೊರಡುವ ಹೊತ್ತಿಗೆ ಕಾಂತರಾಜ್ ಗೇಟಿನ ಬಳಿ ಹಿಂದುಳಿದ. ಅಜ್ಜಿ ಬೇಕೆಂದೇ ಮುಂದೆ ನಡೆದು ಕಾರಿನಲ್ಲಿ ಕುಳಿತಿದ್ದರು.

"ಹೋಗಿ ಬರ್ಲಾ ವಾಣಿ ಅವರೇ?"

"ಇನ್ನೂ 'ಅವರೇ'ನಾ? ಇನ್ಮೇಲೆ ನನ್ನನ್ನ ಹಾಗೆ ಕರೀಬೇಡಿ."

"ಹಾಗಾದ್ರೆ ನೀನೂ ನನಗೆ 'ಬೇಡಿ' ಅನ್ಬೇಡ."

ಅವಳ ಕೆನ್ನೆ ಕೆಂಪಾಯಿತು. ಬೀದಿಯಲ್ಲಿ ಯಾರಾದರೂ ನೋಡುತ್ತಿದ್ದಾರಾ ಎಂದು ಆಚೀಚೆ ನೋಡಿ, ಅವನಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಸರಿ ಕಣೋ."