ಮೇಲ್ ಬಾಕ್ಸ್ ತುಂಬಾ ಕುರ್ಚಿಗಳು

“ಅಜ್ಜೀ, ಮತ್ತೆ ಕುರ್ಚಿ!”

ಉಡ ಮೌಸನ್ನು ಮೇಜಿಗೆ ಕುಟ್ಟಿದಳು. ನಿನ್ನೆ ಸಂಜೆಯಷ್ಟೇ ಕೂತು ಎಲ್ಲವನ್ನೂ ಡಿಲೀಟ್ ಮಾಡಿದ್ದಳು. ಬೆಳಗಾಗುವಷ್ಟರಲ್ಲಿ ಮೇಲ್ ಬಾಕ್ಸ್ ಮತ್ತೆ ಭರ್ತಿ! ಮರದ ಕುರ್ಚಿ, ತೂಗುವ ಕುರ್ಚಿ, ಕಾಲು ಚಾಚುವ ಕುರ್ಚಿ. ಒಂದೊಂದು ಮೇಲಿನಲ್ಲೂ ದೊಡ್ಡ ದೊಡ್ಡ ಫೋಟೋಗಳು. ಕೆಳಗೆ, ‘ಇಂದೇ ಬನ್ನಿ! ಕೂತು ನೋಡಿ!’

ಹಿಡಿದದ್ದನ್ನು ಬಿಡುವವಳಲ್ಲ ಎಂದು ಅಜ್ಜಿ ಅವಳಿಗೆ ಉಡ ಎಂದು ಹೆಸರಿಟ್ಟಿದ್ದಳು. ಆದರೆ ಈ ಕುರ್ಚಿಗಳು ಅವಳಿಗಿಂತ ಗಟ್ಟಿ. ಒಂದು ಹೆಸರನ್ನು ಬ್ಲಾಕ್ ಮಾಡಿದರೆ ಮರುದಿನ ಇನ್ನೊಂದು ಹೆಸರಿನಲ್ಲಿ ಬರುತ್ತಿದ್ದವು.

ಬೇರೆ ಸಮಯವಾಗಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳೇನೋ. ಆದರೆ ಅಪ್ಪನ ಮೇಲ್ ವಾಪಸ್ ಹೋಗಿತ್ತು. ಸರಕು ಹಡಗಿನಲ್ಲಿ ಅಡುಗೆ ಮಾಡುವ ಅಪ್ಪ ಮೊನ್ನೆ ಎರಡೇ ನಿಮಿಷ ಫೋನಿನಲ್ಲಿ ಸಿಕ್ಕಿದ್ದರು. “ನಿಮ್ಮ ಬಾಕ್ಸ್ ಫುಲ್ ಅಂತೆ ಕಣೇ. ಶನಿವಾರ ಬಂದರು ಸೇರ್ತೀವಿ, ಆಗ ಇನ್ನೊಂದ್ಸಲ ಕಳಿಸ್ತೀನಿ. ಅದು ಬಿಟ್ರೆ ಒಂದು ತಿಂಗಳು ನೆಟ್‌ವರ್ಕ್ ಇರಲ್ಲ,” ಎಂದಿದ್ದರು. ಆಮೇಲೆ ಲೈನ್ ಕಟ್ಟಾಗಿತ್ತು.

ಅಮ್ಮನಿಗೆ ಈ ವಾರವಿಡೀ ಆಸ್ಪತ್ರೆಯಲ್ಲಿ ಡಬಲ್ ಡ್ಯೂಟಿ. ಅದಕ್ಕೇ ಉಡ ಶಾಲೆಯಲ್ಲಿ ಕಂಪ್ಯೂಟರ್ ಮಿಸ್ಸನ್ನು ಕೇಳಿದಳು.

“ಕಳಿಸಿದವರ ಹೆಸರು ನಂಬಬೇಡ, ಅದು ಸುಳ್ಳಿರುತ್ತೆ. ಲಿಂಕ್ ಇದ್ರೆ ಒತ್ಬೇಡ. ಮೇಲ್ ಒಳಗೆ ಏನಿದೆ ಅಂತ ಕಣ್ಣಿಟ್ಟು ನೋಡು,” ಎಂದರು ಮಿಸ್.

ಸಂಜೆ ಉಡ ಕಣ್ಣಿಟ್ಟು ನೋಡಿದಳು. ಒಂದೊಂದೇ ಫೋಟೋವನ್ನು ದೊಡ್ಡದು ಮಾಡುತ್ತಾ ಹೋದಳು. ಕುರ್ಚಿಯ ಕಾಲು, ಕೈ, ಬೆನ್ನು. ಏನೂ ಸಿಗಲಿಲ್ಲ. ಕಣ್ಣು ಉರಿಯತೊಡಗಿತು. ಕೊನೆಗೆ ತೂಗುವ ಕುರ್ಚಿಯ ಹಿಂದೆ ಒಂದು ಗಾಜಿನ ಬಾಗಿಲು ಕಂಡಿತು. ಬಾಗಿಲಾಚೆ ರಸ್ತೆ. ರಸ್ತೆಯಾಚೆ, ಒಂದು ಮನೆಯ ಮೇಲೆ, ಬಿಳಿಯದೇನೋ ದೊಡ್ಡದು.

“ಅಜ್ಜೀ, ಇದೇನು ನೋಡು. ಎರಡು ಕಾಲಿದೆ.”

ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು. “ಅಯ್ಯೋ, ಅದು ಹಲ್ಲು ಕಣೇ! ನನ್ನ ಹಲ್ಲಿನ ಡಾಕ್ಟ್ರ ಬೋರ್ಡು! ಹಲ್ಸೆಟ್ಟಿಗೆ ಅಲೆದೂ ಅಲೆದೂ ಆ ಬೋರ್ಡು ನನ್ನ ಕನಸಲ್ಲೂ ಬರುತ್ತೆ.”

ಉಡ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಹಲ್ಲಿನ ಬೋರ್ಡಿನ ಎದುರಿಗೇ ಆ ಗಾಜಿನ ಬಾಗಿಲಿತ್ತು. ಅಜ್ಜಿಯ ಜೊತೆ ಬರುವಾಗ ದಾರಿಯುದ್ದಕ್ಕೂ ಉಡ ಬೈಗುಳ ಜೋಡಿಸಿಕೊಂಡಿದ್ದಳು. ಬಾಗಿಲು ತಳ್ಳಿದಾಗ ಒಳಗೆ ಬರೀ ಕುರ್ಚಿಗಳು. ಕೂತವರು ಒಬ್ಬರೂ ಇಲ್ಲ. ಮೂಲೆಯಲ್ಲಿ ಪಾಲಿಶ್ ಮಾಡುತ್ತಿದ್ದ ಒಬ್ಬರು ದಡಬಡಿಸಿ ಎದ್ದರು.

“ಬನ್ನಿ ಬನ್ನಿ! ಮೇಲ್ ನೋಡಿ ಬಂದ್ರಾ?”

“ಹೂಂ. ಮೇಲ್ ನೋಡೇ ಬಂದಿದ್ದು,” ಎಂದಳು ಉಡ.

ಅವರ ಮುಖ ಊರಗಲವಾಯಿತು. “ನೀವೇ ಫಸ್ಟು! ಕೂತ್ಕೊಳಿ, ನೀರು ತರ್ತೀನಿ.”

ಜೋಡಿಸಿಕೊಂಡು ಬಂದ ಬೈಗುಳವನ್ನೆಲ್ಲ ಉಡ ನುಂಗಿಕೊಂಡಳು. ಪಾಪ ಎನಿಸಿತು. ಆದರೆ ಶನಿವಾರಕ್ಕೆ ಇನ್ನೊಂದೇ ದಿನವಿತ್ತು.

“ಅಂಕಲ್, ನಾವು ಕುರ್ಚಿ ತಗೊಳ್ಳೋಕೆ ಬಂದಿಲ್ಲ. ಮೇಲ್ ನಿಲ್ಲಿಸಿ ಅಂತ ಹೇಳೋಕೆ ಬಂದ್ವಿ.” ಅವಳು ಒಂದೇ ಉಸಿರಿಗೆ ಅಪ್ಪನ ಹಡಗಿನ ಕತೆಯನ್ನೆಲ್ಲ ಹೇಳಿದಳು.

ಕುರ್ಚಿ ಅಂಕಲ್ ನೀರಿನ ಲೋಟ ಹಿಡಿದುಕೊಂಡೇ ಕೂತುಬಿಟ್ಟರು. “ನಂಗೇನು ಗೊತ್ತಮ್ಮಾ. ಒಬ್ಬ ಬಂದು ಸಾಫ್ಟ್‌ವೇರ್ ಹಾಕ್ಕೊಟ್ಟ. ಬಟನ್ ಒತ್ತಿದ್ರೆ ಇಡೀ ಊರಿಗೇ ಹೋಗುತ್ತೆ, ದಿನಾ ಬೇರೆ ಬೇರೆ ಹೆಸರಲ್ಲಿ ಹೋಗುತ್ತೆ ಅಂದ. ಒತ್ತಿ ಒತ್ತಿ ಬೆರಳು ಸವೀತು. ಒಬ್ಬರೂ ಬರ್ಲಿಲ್ಲ.”

“ಎಲ್ಲಿಗೆ ಬರ್ಬೇಕು? ಅಡ್ರೆಸ್ಸೇ ಹಾಕಿಲ್ವಲ್ಲ!”

“ಹಾಕಿದೀನಲ್ಲ... ಮರ ಯಾವ್ದು, ಬಟ್ಟೆ ಯಾವ್ದು, ಎಲ್ಲಾ...” ಅವರು ಕಂಪ್ಯೂಟರ್ ತೆರೆದು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಕೆಳಗಿನಿಂದ ಮೇಲೆ ಓದಿದರು. ಅಡ್ರೆಸ್ಸೂ ಇಲ್ಲ, ಫೋನ್ ನಂಬರೂ ಇಲ್ಲ.

“ಮದುವೆಗೆ ಬನ್ನಿ ಅಂತ ಊರೆಲ್ಲ ಕರೆದು, ಎಲ್ಲಿ ಅಂತ ಹೇಳೋದೇ ಮರ್ತಂಗಾಯ್ತಲ್ಲಪ್ಪಾ!” ಎಂದು ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹಲ್ಸೆಟ್ ಜಾರುವ ಭಯ.

ಕುರ್ಚಿ ಅಂಕಲ್ ಹುರುಪಿನಿಂದ ಕೀಬೋರ್ಡ್ ಎಳೆದುಕೊಂಡರು. “ಹಾಗಾದ್ರೆ ಅಡ್ರೆಸ್ ಹಾಕಿ ಇನ್ನೊಂದೇ ಒಂದ್ಸಲ...”

ಉಡ ಕೀಬೋರ್ಡಿನ ಮೇಲೆ ಅಂಗೈ ಇಟ್ಟಳು. “ಬೇಡ ಅಂಕಲ್.”

“ನಿಮ್ಮನೇದನ್ನ ಲಿಸ್ಟಿಂದ ತೆಗೆದ್ಬಿಡ್ತೀನಿ ಪುಟ್ಟಾ. ಈಗ್ಲೇ.”

ಅವಳಿಗೆ ಬೇಕಾಗಿದ್ದೂ ಅಷ್ಟೇ. ಸರಿ ಎಂದು ಕೈ ತೆಗೆಯಬಹುದಿತ್ತು. ಆದರೆ ಆ ಲಿಸ್ಟ್ ಪರದೆಯ ಮೇಲೆ ಇಳಿಯುತ್ತಲೇ ಇತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ. ಅದರಲ್ಲಿ ಇನ್ನೆಷ್ಟು ಮನೆಗಳು ಯಾರ ಮೇಲಿಗಾಗಿ ಕಾಯುತ್ತಿವೆಯೋ!

“ಎಲ್ಲಾರದೂ ತೆಗೀರಿ,” ಎಂದಳು. ಕೈ ತೆಗೆಯಲಿಲ್ಲ.

“ಹಿಡಿದ್ರೆ ಬಿಡಲ್ಲಪ್ಪಾ ಇವ್ಳು. ನಂಗೆ ಚೆನ್ನಾಗ್ಗೊತ್ತು,” ಎಂದಳು ಅಜ್ಜಿ. ಅವಳು ಆಗಲೇ ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಲು ಚಾಚಿದ್ದಳು. “ಅಬ್ಬಾ, ಎಷ್ಟು ಹಾಯಾಗಿದೆ! ಇದನ್ನ ಹೊರಗೆ ಹಾಕೋದಲ್ವೇ? ಆಚೆ ನೋಡು, ಹಲ್ಲು ನೋವಿನೋರೆಲ್ಲ ನಿಂತ್ಕೊಂಡೇ ಕಾಯ್ತಿದಾರೆ.”

ಕುರ್ಚಿ ಅಂಕಲ್ ಗಾಜಿನಾಚೆ ನೋಡಿದರು. ಲಿಸ್ಟ್ ನೋಡಿದರು. ನಿಟ್ಟುಸಿರು ಬಿಟ್ಟು ಲಿಸ್ಟನ್ನು ಅಳಿಸಿಹಾಕಿದರು. ಆಮೇಲೆ ಉಡ ಒಂದು ಕಡೆ, ಅವರೊಂದು ಕಡೆ ಹಿಡಿದು ಕುರ್ಚಿಯನ್ನು ಹೊರಗೆ ಸಾಗಿಸಿದರು.

ಶನಿವಾರ ಬೆಳಿಗ್ಗೆ ಬಾಕ್ಸ್ ಖಾಲಿಯಿತ್ತು. ಒಂದೂ ಕುರ್ಚಿಯಿಲ್ಲ. ಆದರೆ ಅಪ್ಪನ ಮೇಲೂ ಇರಲಿಲ್ಲ. ಮಧ್ಯಾಹ್ನವೂ ಇಲ್ಲ. ಉಡ ಖಾಲಿ ಪರದೆಯನ್ನೇ ನೋಡುತ್ತಾ ಕೂತಳು. ಕುರ್ಚಿ ಅಂಕಲ್ ದಿನಾ ಹೀಗೇ ಬಾಗಿಲು ನೋಡುತ್ತಾ ಕೂತಿದ್ದರೇನೋ ಎನಿಸಿತು.

ಸಂಜೆಗೆ ಟಿಂಗ್ ಎಂದಿತು. ಅಪ್ಪ! ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ನಗುವ ಫೋಟೋ. ‘ಸೈಕಲ್ ಬ್ಯಾಲೆನ್ಸ್ ಬಂತಾ? ಯಾರೂ ಹಿಡ್ಕೊಳ್ದೆ ಎಷ್ಟು ದೂರ ಹೋಗ್ತೀಯಾ?’

ಉಡ ಅದನ್ನು ಮೂರು ಸಲ ಓದಿದಳು. ಅಜ್ಜಿಗೆ ಕೂಗಿ ಓದಿದಳು.

“ಸರಿ, ಊಟಕ್ಕೆ ಬಾ. ಉತ್ತರ ಹೇಗಿದ್ರೂ ನೀನು ಯಾವಾಗ್ಲೂ ಬರೆಯೋದು ವಾರ ಕಳೆದ ಮೇಲೇ ಅಲ್ವಾ,” ಎಂದಳು ಅಜ್ಜಿ ಅಡುಗೆಮನೆಯಿಂದ.

“ತಡಿ ಅಜ್ಜಿ,” ಎಂದು ಉಡ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. “ಹಡಗು ಇನ್ನೂ ಬಂದರಿನಲ್ಲೇ ಇದೆ.”