ಎರಡು ತಾರೀಕಿನ ಹುಡುಗ

"ಒಬ್ಬ ಮನುಷ್ಯನಿಗೆ ಇಬ್ಬರು ಅಪ್ಪಂದಿರು ಇರೋಕೆ ಸಾಧ್ಯನಾ, ಅನೀಶ್ ಅವರೇ? ಉತ್ತರ ಕೊಡಿ!"

ಹರ್ಷಿಣಿಯ ಪ್ರಶ್ನೆಗೆ ಇಡೀ ಹಾಲ್ ಗೊಳ್ಳೆಂದು ನಕ್ಕಿತು.

ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಗಿರಿಜಮ್ಮನ ಮನೆ. ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಇಪ್ಪತ್ತು ಜನ ಕನ್ನಡಿಗರು ಸೇರುತ್ತಿದ್ದರು. ವಿಷಯ ಯಾವುದೇ ಇರಲಿ, ಮೊದಲು ಜಗಳ, ಆಮೇಲೆ ಚಿತ್ರಾನ್ನ. ಆ ದಿನದ ವಿಷಯ, ಬೈಬಲ್ ನಂಬಲು ಅರ್ಹವೇ ಎಂಬುದು.

"ಬೈಬಲಿನಲ್ಲಿ ಮತ್ತಾಯ ಬರೆದ ಪ್ರಕಾರ ಯೇಸುವಿನ ತಂದೆ ಯೋಸೇಫನ ಅಪ್ಪ ಯಾಕೋಬ. ಲೂಕ ಬರೆದ ಪ್ರಕಾರ ಹೇಲಿ. ಯೇಸುವಿನ ತಾತ ಯಾರು ಅಂತಲೇ ಇವರಲ್ಲಿ ಒಮ್ಮತ ಇಲ್ಲ. ಇನ್ನು ಸತ್ತವನು ಮೂರನೇ ದಿನ ಎದ್ದು ಬಂದ ಅಂತ ಇವರು ಬರೆದ್ರೆ ನಾವು ನಂಬಬೇಕಾ?"

ಎದುರಿಗೆ ನಿಂತಿದ್ದ ಅನೀಶ್ ಬೆಟಗೇರಿಯ ಕ್ರೈಸ್ತರ ಹುಡುಗ. ನೋಯ್ಡಾದ ಐಟಿ ಕಂಪನಿಯೊಂದರಲ್ಲಿ ಕೆಲಸ. ಅಲ್ಲಿಯವರೆಗೆ ಅವನು ಅವಳ ಒಂದೊಂದು ಬಾಣವನ್ನೂ ತಡೆದಿದ್ದ. ಯೇಸುವಿನ ಸಮಾಧಿಗೆ ಹೋದ ಹೆಂಗಸರು ಎಷ್ಟು ಜನ ಎಂದು ಅವನ ಕಥೆ ಬರೆದ ನಾಲ್ವರಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಬರೆದಿದ್ದಾರಲ್ಲ ಎಂದು ಅವಳು ಕೆಣಕಿದಾಗ, "ನಾಲ್ಕು ಸಾಕ್ಷಿಗಳು ಅಕ್ಷರಕ್ಕೆ ಅಕ್ಷರ ಒಂದೇ ಹೇಳಿದ್ರೆ ಪೊಲೀಸರು ಅದನ್ನ ಕಲಿಸಿಕೊಟ್ಟ ಸಾಕ್ಷಿ ಅಂತಾರೆ ಮೇಡಂ" ಎಂದು ಚಪ್ಪಾಳೆ ಗಿಟ್ಟಿಸಿದ್ದ.

ಆದರೆ ಈ ಪ್ರಶ್ನೆಗೆ...

ಅವನ ತುಟಿ ತೆರೆಯಿತು. ಮುಚ್ಚಿತು. ಕಣ್ಣುಗಳು ಮಾತ್ರ ಅವಳನ್ನು ಸುಡುವಂತೆ ನೋಡಿದವು.

"ಉತ್ತರ ಇದೆ," ಎಂದ ಮೆಲ್ಲಗೆ. "ಹೇಳೋಕೆ ಇಷ್ಟ ಇಲ್ಲ."

"ಅಚ್ಛಾ! ಅಂದ್ರೆ ಗೊತ್ತಿಲ್ಲ!" ಹಿಂದಿನ ಸಾಲಿನಿಂದ ವಿಕ್ರಮ್ ಕೂಗಿದ. ಯಾರು ಸೋತರೂ ಅವರ ಕಾಲೆಳೆಯುವುದು ಅವನ ಕೆಲಸ.

ವಾದ ಮುಗಿಯಿತೆಂದು ಗಿರಿಜಮ್ಮ ಪೂಜೆಯ ಗಂಟೆ ಬಾರಿಸಿದರು. ಹರ್ಷಿಣಿ ಗೆದ್ದಿದ್ದಳು.

ಗೆದ್ದೆ... ಆದರೆ ಯಾಕೆ ಹೀಗೆ ಏನೋ ಕದ್ದಂತೆ ಅನಿಸುತ್ತಿದೆ?

ಕೂಟಕ್ಕೆ ಒಂದು ನಿಯಮವಿತ್ತು. ಈ ಶನಿವಾರ ವಾದಿಸಿದವರೇ ಮುಂದಿನ ಶನಿವಾರ ಪಕ್ಷ ಬದಲಿಸಬೇಕು. ತಾವು ಬೈದದ್ದನ್ನು ಹೊಗಳಬೇಕು, ಹೊಗಳಿದ್ದನ್ನು ಬೈಯಬೇಕು. ಅದಕ್ಕಾಗಿ ಇಬ್ಬರೂ ತಮ್ಮ ಪುಸ್ತಕಗಳನ್ನು ಅದಲು ಬದಲು ಮಾಡಿಕೊಳ್ಳಬೇಕು.

ಹಾಗಾಗಿ ಸೋಮವಾರ ಲಕ್ಷ್ಮೀ ನಗರದ ಮೆಟ್ರೋ ಗೇಟಿನ ಹತ್ತಿರ ಇಬ್ಬರೂ ಎದುರುಬದುರಾದರು. ಹರ್ಷಿಣಿ ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಸರ್ಕಾರಿ ಪರೀಕ್ಷೆ ಬರೆಯುವವರಿಗೆ ರೀಸನಿಂಗ್ ಕಲಿಸುತ್ತಿದ್ದಳು. ನಾಲ್ಕು ಉತ್ತರಗಳಲ್ಲಿ ಮೂರು ಸುಳ್ಳನ್ನು ಹಿಡಿಯುವುದೇ ಅವಳ ಸಂಬಳದ ಕೆಲಸ.

ಅನೀಶ್ ಬಟ್ಟೆಯ ಚೀಲದಿಂದ ದಪ್ಪನೆಯ ಕನ್ನಡ ಬೈಬಲ್ ತೆಗೆದ. ಅಂಚು ಸವೆದಿತ್ತು.

"ನಮ್ಮ ಮನೇದು. ಜೋಪಾನ."

"ನಾನೇನು ಹರಿದು ಹಾಕ್ತೀನಾ?"

"ಹೇಳಕ್ಕಾಗಲ್ಲ. ಗೆಲ್ಲೋಕೆ ಏನು ಬೇಕಾದ್ರೂ ಮಾಡೋ ಪೈಕಿ ನೀವು."

"ಸೋತಿದ್ದಕ್ಕೆ ನೆಪ ಹುಡುಕೋ ಪೈಕಿ ನೀವು! ತಗೊಳ್ಳಿ ನನ್ನ ನೋಟ್‌ಬುಕ್."

"ಅಕ್ಷರ ಚೆನ್ನಾಗಿದೆ," ಅವನು ಪುಟ ತಿರುವಿದ. "ವಿಷವನ್ನೂ ಮುತ್ತಿನಂತೆ ಬರೆದಿದ್ದೀರಿ."

ಹುಬ್ಬು ಗಂಟಿಕ್ಕಿಕೊಂಡೇ ಅವಳು ತಿರುಗಿ ನಡೆದಳು. ಮೆಟ್ಟಿಲಿಳಿಯುವಾಗ ಯಾಕೋ ನಗು ಬಂತು. ಛೇ!

ಆ ವಾರವೆಲ್ಲ ಕ್ಲಾಸು ಮುಗಿಸಿ ಬಂದು ಅವಳು ಆ ಪುಸ್ತಕ ಓದಿದಳು. ಸುಳ್ಳು ಹಿಡಿಯುವ ಕಣ್ಣಿಗೆ ಮೊದಲು ಕಂಡದ್ದು ಮಾತ್ರ ಅಂಚಿನಲ್ಲಿದ್ದ ಪೆನ್ಸಿಲ್ ಬರಹ. ಅನೀಶನ ಕೈಬರಹ.

'ಎಷ್ಟು ಹೆಂಗಸರು? ಒಬ್ಬಳೇ? ಮೂವರೇ?'

'ಇದನ್ನು ಬರೆದವರು ಕಣ್ಣಾರೆ ಕಂಡಿದ್ದರೇ?'

ಅವಳ ನೋಟ್‌ಬುಕ್ಕಿನ ಪ್ರಶ್ನೆಗಳೇ ಅಲ್ಲಿದ್ದವು! ಬೇಡಿಕೊಳ್ಳಿರಿ, ನಿಮಗೆ ದೊರಕುವುದು ಎಂಬರ್ಥದ ಮಾತಿನ ಪಕ್ಕದಲ್ಲಿ ಪೆನ್ಸಿಲ್ ಕಾಗದವನ್ನೇ ಒತ್ತಿ ಗಾಯ ಮಾಡಿತ್ತು. 'ಅಪ್ಪನಿಗೆ ಯಾಕೆ ದೊರಕಲಿಲ್ಲ?'

ಹರ್ಷಿಣಿ ಪುಸ್ತಕ ಮುಚ್ಚಿದಳು.

ಇಷ್ಟೆಲ್ಲಾ ಅನುಮಾನ ಇಟ್ಟುಕೊಂಡೂ ಇವನು ಬಿಟ್ಟು ಹೋಗಿಲ್ಲವಲ್ಲ... ನಾನಾಗಿದ್ದರೆ ಮೊದಲ ಪ್ರಶ್ನೆಗೇ ಎದ್ದು ಹೋಗುತ್ತಿದ್ದೆ.

ಅವನ ಮೇಲಿನ ಸಿಟ್ಟನ್ನು ಹುಡುಕಿದಳು. ಸಿಗಲಿಲ್ಲ. ಅದಿದ್ದ ಜಾಗದಲ್ಲಿ ಬೇರೇನೋ ಬಂದು ಕುಳಿತಿತ್ತು. ಗಾಬರಿಯಾಯಿತು!

ಈ ಸಲ ಅವನ ಪಕ್ಷವನ್ನು ಅವನಿಗಿಂತ ಚೆನ್ನಾಗಿ ವಾದಿಸಬೇಕು. ಕಳೆದ ವಾರ ಮಾಡಿದ ಗಾಯಕ್ಕೆ ಅದೇ ಮದ್ದು ಎಂದು ಅವಳು ನಿಶ್ಚಯಿಸಿದಳು. ಹಾಗೆ ಆಧಾರ ಹುಡುಕುತ್ತಾ ಮೊದಲ ಖಾಲಿ ಹಾಳೆ ತೆರೆದಾಗ ಅವನ ಮನೆತನದ ಹುಟ್ಟು, ಮದುವೆ, ಸಾವುಗಳು ಸಾಲಾಗಿ ಕಂಡವು. ಕೊನೆಯಲ್ಲಿ ಒಂದರ ಕೆಳಗೆ ಒಂದು, ಎರಡು ಕೈಬರಹ.

'ಅನೀಶ್ ಹುಟ್ಟಿದ್ದು 3 ಮಾರ್ಚ್ 1995.'

'ಅನೀಶ್ ಹುಟ್ಟಿದ್ದು 21 ಆಗಸ್ಟ್ 1995.'

ಹರ್ಷಿಣಿ ಖುಷಿಯಿಂದ ಎದ್ದು ನಿಂತಳು. ಸಿಕ್ಕಿತು!

ಅವಳಿಗೂ ಎರಡು ತಾರೀಕುಗಳಿದ್ದವು. ಹುಟ್ಟಿದ್ದು ಸೆಪ್ಟೆಂಬರಿನಲ್ಲಿ. ಶಾಲೆಗೆ ಸೇರಿಸುವಾಗ ಹೆಡ್ ಮೇಷ್ಟ್ರು ಬರೆದುಕೊಂಡದ್ದು ಜೂನ್ ಒಂದು. ಊರಿನಲ್ಲಿ ಯಾರಿಗೆ ತಾನೇ ಇರಲಿಲ್ಲ?

ಶನಿವಾರ ಮೊದಲು ಮಾತಾಡಿದವನು ಅನೀಶ್. ಅವನು ತನ್ನದೇ ನಂಬಿಕೆಯನ್ನು ಸೀಳಿ ಹಾಕಿದ!

"ಮೂಲ ಪ್ರತಿ ಎಲ್ಲಿದೆ? ಇರೋದೆಲ್ಲ ನಕಲು. ನಕಲಿನ ನಕಲು. ನಲವತ್ತು ವರ್ಷ ಬಾಯಿಂದ ಬಾಯಿಗೆ ಓಡಾಡಿದ ಮಾತು ಎಷ್ಟು ನೆಟ್ಟಗಿರುತ್ತೆ? ನಮ್ಮ ಆಫೀಸಲ್ಲಿ ಬೆಳಗ್ಗೆ ಹೇಳಿದ್ದು ಸಂಜೆಗೆ ಬೇರೆ ಆಗಿರುತ್ತೆ!"

ಜನ ನಕ್ಕರು. ಅವನು ನಗಲಿಲ್ಲ. ಮಾತೆಲ್ಲ ಹರ್ಷಿಣಿಯ ನೋಟ್‌ಬುಕ್ಕಿನದೇ. ಆದರೆ ಅವನ ಬಾಯಲ್ಲಿ ಅದಕ್ಕೆ ರಕ್ತವಿತ್ತು.

ಈಗ ಅವಳ ಸರದಿ.

"ಎರಡು ಕಡೆ ಎರಡು ಥರ ಬರೆದಿದ್ರೆ ಒಂದು ಸುಳ್ಳೇ ಆಗಬೇಕಾ? ಇಲ್ನೋಡಿ, ಅನೀಶ್ ಅವರ ಮನೆಯ ಬೈಬಲ್. ಇದರಲ್ಲಿ ಇವರು ಮಾರ್ಚ್ ಮೂರಕ್ಕೆ ಹುಟ್ಟಿದ್ದಾರೆ. ಆಗಸ್ಟ್ ಇಪ್ಪತ್ತೊಂದಕ್ಕೂ ಹುಟ್ಟಿದ್ದಾರೆ! ಬರೆದವರಿಬ್ಬರೂ ಮನೆಯವರೇ. ಹಾಗಂತ ಅನೀಶ್ ಅನ್ನೋ ಮನುಷ್ಯನೇ ಸುಳ್ಳಾ? ನಮ್ಮ ಕಣ್ಣೆದುರಿಗೇ ಕೂತಿದ್ದಾರಲ್ಲ!"

"ಹಾಗಾದ್ರೆ ವರ್ಷಕ್ಕೆ ಎರಡು ಪಾರ್ಟಿ ಬಾಕಿ ಇದೆ!" ವಿಕ್ರಮ್ ಕೂಗಿದ. "ಆರು ತಿಂಗಳು ಬಿಟ್ಟು ಬಿಟ್ಟು ಹುಟ್ಟೋಕೆ... ಇಬ್ಬರು ಅಮ್ಮಂದಿರೇನಪ್ಪಾ?"

ನಗು ಏಳುತ್ತಿದ್ದಂತೆಯೇ ಸತ್ತಿತು. ಅನೀಶನ ಮುಖ ಬಿಳಿಚಿಕೊಂಡಿತ್ತು.

ಅವನು ಎದ್ದು ಬಂದು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡ.

"ಅಭಿನಂದನೆ ಹರ್ಷಿಣಿಯವರೇ. ಎರಡೂ ಕಡೆಯಿಂದ ನೀವೇ ಗೆದ್ರಿ."

ಬಾಗಿಲು ಧಡಾರೆಂದು ಮುಚ್ಚಿಕೊಂಡಿತು.

ಅಡುಗೆಮನೆಯಲ್ಲಿ ಗಿರಿಜಮ್ಮ ಅವಳ ತೋಳು ಹಿಡಿದರು. ಅವರೂ ಅನೀಶನ ಊರಿನವರೇ.

"ಏನ್ ಮಾಡಿಬಿಟ್ಟೆ ಕಣೇ... ಆ ಆಗಸ್ಟ್ ತಾರೀಕು ಅವನು ಹುಟ್ಟಿದ ದಿನ ಅಲ್ಲ. ಐದು ತಿಂಗಳ ಮಗುವನ್ನ ಅನಾಥಾಶ್ರಮದಿಂದ ಮನೆಗೆ ತಂದ ದಿನ ಅದು. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ."

ಹರ್ಷಿಣಿಗೆ ಈಗ ಹೊಳೆಯಿತು. ಒಬ್ಬನಿಗೆ ಇಬ್ಬರು ಅಪ್ಪಂದಿರೇ ಎಂದು ತಾನು ಕೇಳಿದ್ದು... ಅವನು ಬಾಯಿ ಮುಚ್ಚಿ ನಿಂತದ್ದು... ಅಯ್ಯೋ!

ಅವಳು ಅಳುತ್ತಲೇ ಕೂಟದ ವಾಟ್ಸಾಪ್ ಗುಂಪಿಗೆ ಬರೆದಳು. ಆರು ಸಲ ಅಳಿಸಿ, ಏಳನೇ ಸಲ ಕಳಿಸಿದಳು. 'ನಾನು ಓದಬಾರದ್ದನ್ನು ಓದಿದೆ. ತಪ್ಪು ನನ್ನದು. ಆ ಎರಡು ತಾರೀಕುಗಳ ಬಗ್ಗೆ ದಯವಿಟ್ಟು ಯಾರೂ ಏನೂ ಊಹಿಸಬೇಡಿ.'

ಎರಡು ನಿಮಿಷದ ನಂತರ ಅನೀಶ್ ಗುಂಪು ಬಿಟ್ಟಿದ್ದ.

ಮಂಗಳವಾರ ಊಟದ ಹೊತ್ತಿಗೆ ಅವಳು ನೋಯ್ಡಾದಲ್ಲಿ ಅವನ ಕಂಪನಿಯ ಗೇಟಿನೆದುರು ನಿಂತಿದ್ದಳು. ಹತ್ತು ಕರೆಗಳಿಗೆ ಉತ್ತರವಿರಲಿಲ್ಲ. ಸೆಕ್ಯೂರಿಟಿಯವನು ಎರಡು ಸಲ ವಿಚಾರಿಸಿ ಹೋಗಿದ್ದ. ಕೊನೆಗೂ ಅನೀಶ್ ಹೊರಗೆ ಬಂದ. ಕೊರಳಲ್ಲಿ ಐಡಿ ಕಾರ್ಡ್, ಕಣ್ಣಲ್ಲಿ ಬೆಂಕಿ.

"ಇನ್ನೇನು ಉಳಿದಿದೆ ಓದೋಕೆ?"

"ಕ್ಷಮೆ ಕೇಳೋಕೆ ಬಂದೆ..."

"ಕೇಳಿದ್ರಲ್ಲ, ಗುಂಪಿನಲ್ಲಿ! ನಿಮ್ಮ ಮೆಸೇಜ್ ಬರೋವರೆಗೆ ಮೂರು ಜನಕ್ಕೆ ಡೌಟಿತ್ತು. ಆಮೇಲೆ ಇಪ್ಪತ್ತು ಜನಕ್ಕೂ ಖಾತ್ರಿಯಾಯ್ತು. ಊಹಿಸಬೇಡಿ ಅಂದ್ರೆ ಯಾರು ಸುಮ್ನಿರ್ತಾರೆ ರೀ?"

ಅದು ಹರ್ಷಿಣಿಗೆ ಹೊಳೆದೇ ಇರಲಿಲ್ಲ. ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದ್ದಳು!

"ಅದು ಶಾಲೆ ತಾರೀಕು ಅಂದ್ಕೊಂಡೆ. ನನಗೂ ಎರಡಿದೆ. ನಿಮ್ಮ ಪಕ್ಷ ಗೆಲ್ಲಿಸಬೇಕು ಅಂತ..."

"ನನ್ನ ಪಕ್ಷ ಗೆಲ್ಲಿಸೋಕೆ ನನ್ನನ್ನೇ ಬೀದಿಗೆ ತಂದ್ರಿ!"

"ಹೌದು," ಎಂದಳು ಅವಳು. "ಪುಟದ ಅಂಚಿನಲ್ಲಿ ನೀವು ಬರೆದದ್ದನ್ನೂ ಓದಿದೆ. ಅದನ್ನ ಯಾರಿಗೂ ಹೇಳಿಲ್ಲ. ಆದರೆ ಓದಿದೆ. ಅದಕ್ಕೂ ಬೈಯಿರಿ. ಸುಳ್ಳು ಹೇಳೋಕೆ ಬಂದಿಲ್ಲ ನಾನು."

ರಸ್ತೆಯಾಚೆ ಚಹಾದ ಗಾಡಿಯವನು ಹಾಲಿನ ಪಾತ್ರೆ ತೊಳೆಯುತ್ತಿದ್ದ. ಅನೀಶ್ ಆ ಕಡೆಗೆ ನಡೆದ. ಬರಬೇಕೋ ಬೇಡವೋ ತಿಳಿಯದೆ ಅವಳು ಎರಡು ಹೆಜ್ಜೆ ಹಿಂದೆಯೇ ಹೋದಳು.

"ಭಯ್ಯಾ, ದೋ ಚಾಯ್," ಎಂದ. ಎರಡು! ಹರ್ಷಿಣಿ ಉಸಿರು ಬಿಟ್ಟಳು.

"ಹನ್ನೆರಡು ವರ್ಷದವನಿದ್ದಾಗ ಆ ಪುಟ ನೋಡಿದೆ," ಅವನು ಅವಳ ಕಡೆ ನೋಡದೆ ಹೇಳಿದ. "ಯಾವುದು ನಿಜ ಅಂತ ಅಪ್ಪನನ್ನ ಕೇಳಿದೆ. ಎರಡೂ ನಿಜ ಕಣೋ ಅಂದ್ರು. ನಾನು ನಂಬಲಿಲ್ಲ. ಆವತ್ತಿಂದ ಆ ಪುಸ್ತಕದಲ್ಲಿ ಇನ್ನೂ ಏನೇನು ಸುಳ್ಳಿದೆ ಅಂತ ಹುಡುಕ್ತಾನೇ ಇದ್ದೀನಿ."

"ಮತ್ತೆ ಯಾಕೆ ಅದರ ಪರ ವಾದ ಮಾಡಿದ್ರಿ?"

"ಅಪ್ಪ ಸಾಯೋವರೆಗೂ ಅದನ್ನ ನಂಬಿದ್ರು. ನಾನು ಅಪ್ಪನನ್ನ ನಂಬಬೇಕಿತ್ತು. ಆ ದೇವರನ್ನ ಪೂರ್ತಿ ಬಿಡೋಕೂ ಆಗಿಲ್ಲ ನನಗೆ. ಬೆಳಗ್ಗೆ ಬೈದು ಸಂಜೆ ಪ್ರಾರ್ಥನೆ ಮಾಡ್ತೀನಿ." ಅವನು ಲೋಟ ಕೈಗೆತ್ತಿಕೊಂಡ. "ಮೊದಲ ಶನಿವಾರ ನೀವು ಕೇಳಿದ್ದಕ್ಕೆ ಹಳೇ ಕಾಲದ ವಿವರಣೆ ಒಂದಿದೆ. ಒಬ್ಬ ಹೆತ್ತ ಅಪ್ಪ, ಇನ್ನೊಬ್ಬ ಕಾನೂನಿನ ಪ್ರಕಾರ ಅಪ್ಪ ಅಂತ. ಬಾಯಿಗೆ ಬಂದಿತ್ತು. ನನ್ನ ಕಥೆಯೇ ಹೇಳಿದಂಗಾಗುತ್ತೆ ಅಂತ ನುಂಗಿದೆ."

"ನನಗೆ ಒಂದು ಏಟು ಹೊಡೆದುಬಿಡಿ..."

"ಸುಮ್ನಿರಿ. ಪೂರ್ತಿ ಕೇಳಿ." ಈಗ ಅವನು ತಿರುಗಿದ. "ಶನಿವಾರ ನೀವು ಆ ಎರಡು ಸಾಲು ಓದಿ, ಎರಡು ಥರ ಬರೆದ್ರೂ ಮನುಷ್ಯ ಸುಳ್ಳಾಗಲ್ಲ ಅಂದ್ರಿ. ಅಪ್ಪ ಹೇಳಿದ್ದು ಆ ಕ್ಷಣಕ್ಕೆ ಅರ್ಥ ಆಯ್ತು ರೀ. ಹದಿನೆಂಟು ವರ್ಷ ಆದ್ಮೇಲೆ! ಅದೂ ಯಾರ ಬಾಯಿಂದ? ಇದೆಲ್ಲ ಕಟ್ಟುಕಥೆ ಅನ್ನೋ ನಿಮ್ಮ ಬಾಯಿಂದ. ಇಪ್ಪತ್ತು ಜನರ ಮುಂದೆ. ಆ ವಿಕ್ರಮ್ ಹಲ್ಲು ಕಿಸಿತಾ ಇರೋವಾಗ. ನಾನು ಅಳಬೇಕಿತ್ತು. ಅಳೋಕೆ ಜಾಗ ಇರಲಿಲ್ಲ. ಅದಕ್ಕೇ ಸಿಟ್ಟು."

ಹರ್ಷಿಣಿಯ ಕಣ್ಣು ತುಂಬಿ ಬಂತು. ಆದರೂ ಮನಸ್ಸು ಒಳಗಿನಿಂದ ಚುಚ್ಚಿತು. ಈಗ ಸುಮ್ಮನಿದ್ದರೆ ಇವನು ತಪ್ಪು ತಿಳಿಯುತ್ತಾನೆ. ನಾನು ಬದಲಾದೆ ಅಂದುಕೊಳ್ಳುತ್ತಾನೆ. ಇವನ ಜೊತೆ ಒಂದೇ ಒಂದು ಸುಳ್ಳೂ ಬೇಡ.

"ಅನೀಶ್, ಒಂದು ಮಾತು. ನಿಮ್ಮ ಅಪ್ಪ ಹೇಳಿದ್ದನ್ನ ನಂಬ್ತೀನಿ. ಆದರೆ ಸತ್ತವರು ಎದ್ದು ಬರೋದು... ಅದನ್ನ ಇವತ್ತೂ ನಂಬಲ್ಲ."

"ಗೊತ್ತು."

"ನಾಳೆನೂ ನಂಬಲ್ಲ. ಮದುವೆ ಆದ್ಮೇಲೂ ನಂಬಲ್ಲ. ಜಗಳ ಆಡ್ತಾನೇ ಇರ್ತೀನಿ."

ಅನೀಶ್ ಚಹಾದ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಯಾರ ಮದುವೆ?"

ಅಯ್ಯೋ ದೇವರೇ! ಅವಳ ಕಿವಿಯವರೆಗೂ ರಕ್ತ ನುಗ್ಗಿತು. ಓಡಿಹೋಗಲು ಮೆಟ್ರೋ ಸ್ಟೇಷನ್ ಎಷ್ಟು ದೂರ ಎಂದು ಲೆಕ್ಕ ಹಾಕಿದಳು.

"ಅದು... ಉದಾಹರಣೆಗೆ... ನಾನು ಹೇಳಿದ್ದು ಏನಂದ್ರೆ..."

"ಉತ್ತರ ಕೊಡಿ ಹರ್ಷಿಣಿಯವರೇ." ಹತ್ತು ದಿನಗಳಲ್ಲಿ ಮೊದಲ ಸಲ ಅವನ ಕಣ್ಣು ನಗುತ್ತಿತ್ತು.

ಅವಳು ತಲೆಯೆತ್ತಿದಳು. "ಉತ್ತರ ಇದೆ. ನಿಮ್ಮ ಪೆನ್ಸಿಲ್ ಬರಹ ಓದಿದ ದಿನದಿಂದ ಇದೆ. ನನಗೆ ನೀವು ಇಷ್ಟ. ಸಾಕಾ?"

"ಸಾಕಾಗಲ್ಲ," ಎಂದ ಅವನು. "ನಾನು ಭಾನುವಾರ ಚರ್ಚಿಗೆ ಹೋಗೋನು. ನಿಮ್ಮ ಮನೆಯಲ್ಲಿ ಒಪ್ಪಲ್ಲ. ನಮ್ಮಮ್ಮ ಮೂರು ದಿನ ಉಪವಾಸ ಕೂರ್ತಾರೆ. ನೀವಂತೂ ಒಳಗೆ ಬರಲ್ಲ."

"ಬರಲ್ಲ. ಹೊರಗೆ ಕಾಯ್ತೀನಿ. ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ಹನ್ನೊಂದಕ್ಕೆ."

"ಹನ್ನೊಂದೂ ಕಾಲಾದ್ರೆ ಒಳಗೆ ಬಂದು ನಿಮ್ಮ ಪಾದ್ರಿಗಳ ಹತ್ತಿರವೇ ವಾದ ಶುರು ಮಾಡ್ತೀನಿ."

ಅನೀಶ್ ಅವಳ ಕೈ ಹಿಡಿದ.

"ಹಾಗಾದ್ರೆ ಹನ್ನೊಂದೂವರೆಗೆ ಮುಗಿಸೋಕೆ ಪಾದ್ರಿಗಳಿಗೆ ಹೇಳ್ತೀನಿ."